ಹುಲ್ಲಪ್ಪನ ಹೊಟ್ಟೆ

ಹುಲ್ಲು ಹಿಂಡುವ ಕಾರ್ಖಾನೆಯ ಕೆಮಿಸ್ಟನ ಪಾಡು ಶುರುವಾದದ್ದು ಗೋದಾಮಿನವನ ಬಾಯಿಂದ. ಬಿಸ್ಕತ್ತಿಗೆ ಬೆರೆಸಲು ಅಲ್ಲಿನ ಪುಡಿ ಕೊಳ್ಳಬಹುದೇ ಎಂದು ನೋಡಲು ಬಂದಿದ್ದ ಬಿಸ್ಕತ್ ಕಂಪನಿಯ ಯಜಮಾನಿ ಅದನ್ನು ಮೂಸಿ, "ಇದನ್ನ ನೀವ್ಯಾರಾದ್ರೂ ತಿಂತೀರಾ?" ಎಂದು ಕೇಳಿದ್ದೇ ತಡ, ಆತ ಮುಂದೆ ನುಗ್ಗಿ, "ನಮ್ಮ ಹುಲ್ಲಪ್ಪ ಸಾರ್ ದಿನಾ ಒಂದು ಲೋಟ ಕುಡೀತಾರೆ ಮೇಡಂ!" ಎಂದುಬಿಟ್ಟ.

ಹುಲ್ಲಪ್ಪ ಎಂದರೆ ಕೆಮಿಸ್ಟನೇ; ಹುಲ್ಲಿನ ಕೆಲಸದಿಂದ ಬಿದ್ದ ಅಡ್ಡಹೆಸರು. ಹುಲ್ಲು ಹಿಂಡಿದರೆ ಹಿಪ್ಪೆ ದನಕ್ಕೆ, ರಸದ ಪ್ರೋಟೀನು ಕೋಳಿಗೆ. ಮೊದಲೆಲ್ಲ ಚರಂಡಿಗೆ ಹೋಗುತ್ತಿದ್ದ ಉಳಿದ ನೀರಿನಿಂದ ಅವನು ನೀರಲ್ಲಿ ಕರಗುವ ನಾರಿನ ಪುಡಿ ತೆಗೆದಿದ್ದ. ಅದು ನಮ್ಮ ಕರುಳಿನ ಒಳ್ಳೆಯ ಸೂಕ್ಷ್ಮಜೀವಿಗಳಿಗೆ ಊಟ. ಈ ಆರ್ಡರ್ ಕೈತಪ್ಪಿದರೆ ಕಾರ್ಖಾನೆಗೆ ಬೀಗ. ಆದರೆ ಪುಡಿಯನ್ನು ಅವನು ಚಿಟಿಕೆಯಷ್ಟೂ ಬಾಯಿಗೆ ಹಾಕಿಕೊಂಡವನಲ್ಲ.

"ಹಾಗಾದ್ರೆ ಈಗಲೇ ಕುಡೀರಿ, ನೋಡೋಣ," ಎಂದರು ಯಜಮಾನಿ.

ಗೋದಾಮಿನವ ನೀರಿನ ಲೋಟಕ್ಕೆ ಪುಡಿ ಸುರಿದೇ ಸುರಿದ.

"ಲೆಕ್ಕ ಒಂದೇ ಚಮಚ ಕಣಯ್ಯಾ!" ಕೆಮಿಸ್ಟ್ ಪಿಸುಗುಟ್ಟಿದ.

"ಸುಮ್ನಿರಿ ಸಾರ್, ಜುಗ್ಗತನ ಮಾಡಿದ್ರೆ ಅನುಮಾನ ಬರುತ್ತೆ."

ಕೆಮಿಸ್ಟ್ ಕಣ್ಣು ಮುಚ್ಚಿ ಕುಡಿದ.

ಹುಲ್ಲಿನ ರಾಶಿ, ಹಿಂಡುವ ಯಂತ್ರ, ಕೊಳಾಯಿಗಳನ್ನೆಲ್ಲ ತೋರಿಸಿ, ಊಟ ಮುಗಿಸಿ ಮಾತಿಗೆ ಕೂತಾಗ ಅವನ ಹೊಟ್ಟೆ ಹಳೇ ಲಾರಿ ದಿಬ್ಬ ಹತ್ತಿದಂತೆ ಗುರುಗುಟ್ಟಿತು. ಸದ್ದು ಮುಚ್ಚಲು ಕಾರ್ಖಾನೆಯ ಮ್ಯಾನೇಜರಮ್ಮ ಫ್ಯಾನು ಜೋರು ಮಾಡಿದರು.

"ಗುಡುಗು ಮೇಡಂ, ಮಳೆ ಬರೋ ಹಾಗಿದೆ," ಎಂದ ಗೋದಾಮಿನವ. ಕಿಟಕಿಯಾಚೆ ಬಿಸಿಲು ಧಗಧಗಿಸುತ್ತಿತ್ತು.

ಇನ್ನು ತಡೆಯಲಾಗದೆ ಕೆಮಿಸ್ಟ್ ಎದ್ದು ನಿಂತ. "ಗುಡುಗಲ್ಲ ಮೇಡಂ, ನನ್ನ ಹೊಟ್ಟೆ. ದಿನಾ ಕುಡೀತೀನಿ ಅನ್ನೋದು ಸುಳ್ಳು, ಇವತ್ತೇ ಮೊದಲು. ಅದೂ ವಿಪರೀತ ಆಯ್ತು. ಒಳಗಿರೋ ಜೀವಿಗಳಿಗೆಲ್ಲ ಮದುವೆ ಊಟ ಬಿದ್ದಿದೆ, ಅದಕ್ಕೇ ಈ ಗದ್ದಲ..." ಮಾತು ಮುಗಿಯುವ ಮೊದಲೇ ಮೇಜಿನ ಮೇಲಿನ ಲೋಟಗಳು ನಡುಗುವಂಥ ಇನ್ನೊಂದು ಸದ್ದು.

ಮ್ಯಾನೇಜರಮ್ಮ ತಲೆ ಮೇಲೆ ಕೈ ಹೊತ್ತು ಕೂತರು.

ಯಜಮಾನಿ ಮಾತ್ರ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಎಷ್ಟೋ ಜನ ಬಂದು ಬಣ್ಣಬಣ್ಣದ ಚಿತ್ರ ತೋರಿಸಿದ್ರು. ಪುಡಿ ಕೆಲಸ ಮಾಡೋದನ್ನ ಕಿವಿಯಾರೆ ಕೇಳಿದ್ದು ಇದೇ ಮೊದಲು. ಪೂರ್ತಿ ವರ್ಷಕ್ಕಾಗುವಷ್ಟು ಪುಡಿ ಕೊಡಿ!"

ಸಹಿ ಬಿತ್ತು. ಯಂತ್ರದವರು, ಲಾರಿಯವರು, ಗುಡಿಸುವವರು ಎಲ್ಲ ಓಡಿಬಂದು ಕೆಮಿಸ್ಟನನ್ನು ಹೆಗಲ ಮೇಲೆ ಹೊತ್ತು ಅಂಗಳವೆಲ್ಲ ಮೆರೆಸಿದರು. "ಅಲುಗಾಡಿಸಬೇಡ್ರಪ್ಪಾ!" ಎಂದು ಕೂಗುತ್ತಲೇ ಅವನೂ ಹಿಗ್ಗಿ ಹೀರೇಕಾಯಿಯಾದ.

ಕಾರಿನ ಬಾಗಿಲಲ್ಲಿ ಯಜಮಾನಿ ತಿರುಗಿ ನಿಂತರು. "ಮುಂದಿನ ವಾರದಿಂದ ಊರೂರಲ್ಲಿ ನಮ್ಮ ಏಜೆಂಟರ ಸಭೆ ಇದೆ. ಪುಡಿ ನಾವು ತರ್ತೀವಿ, ನೀವು ಹೊಟ್ಟೆ ತಂದ್ರೆ ಸಾಕು. ಬರ್ತೀರಿ ತಾನೇ?"

ಆಗುವುದಿಲ್ಲ ಎನ್ನಲು ಕೆಮಿಸ್ಟ್ ಬಾಯಿ ತೆರೆದ. ಅವನಿಗಿಂತ ಮೊದಲು ಹೊಟ್ಟೆ ಉತ್ತರ ಕೊಟ್ಟಿತು.

"ಒಪ್ಪಿಗೆ ಅಂದ್ಕೊಳ್ತೀನಿ," ಎಂದು ಯಜಮಾನಿ ಕಾರು ಹತ್ತಿದರು.