ನನ್ನ ಕಾರ್ಡಿನ ಸಾಹೇಬರು

ನಾನು ಇಂಥವನು ಎಂದು ನಾನೇ ಹೇಳಿದರೆ ಸಾಲದು, ಒಂದು ರಟ್ಟಿನ ತುಂಡು ಹೇಳಬೇಕು ಅನ್ನುವ ಕಾಲ ಬಂದಿದೆ. ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು, ನಿಜ. ಆದರೆ ಬಳ್ಳಾರಿಯ ನಮ್ಮ ಹತ್ತಿ ಮಿಲ್ಲಿನ ಯಂತ್ರ ಕೆಮ್ಮಿದರೆ ರೋಗ ಎಲ್ಲಿದೆಯೆಂದು ಕಣ್ಣು ಮುಚ್ಚಿ ಹೇಳಬಲ್ಲ ಫಿಟ್ಟರು. ಹದಿನೆಂಟು ವರ್ಷ ನಮ್ಮೂರು ಮೋಕದಿಂದ ಮಿಲ್ಲಿಗೆ ಸೈಕಲ್ ತುಳಿದಿದ್ದೇನೆ. ನಂಬರು ಕೊರೆದ ಹಿತ್ತಾಳೆ ಬಿಲ್ಲೆ ತೋರಿಸಿದರೆ ಗೇಟು ತೆರೆಯುತ್ತಿತ್ತು. ಯಾವನೋ ಪುಣ್ಯಾತ್ಮ ಇನ್ನೊಬ್ಬನ ಬಿಲ್ಲೆ ತೋರಿಸಿ ಒಳಹೊಕ್ಕು ಯಂತ್ರದ ಬೆಲ್ಟು ಕದ್ದ. ಶಿಕ್ಷೆ ನಮಗೆ: ಎಲ್ಲರಿಗೂ ಫೋಟೋ ಕಾರ್ಡು. ಜೊತೆಗೆ ಕುರುಗೋಡಿನಿಂದ ವೀರೇಶನೆಂಬ ಹೊಸ ವಾಚ್‌ಮನ್.

ಕಾರ್ಡು ಜಾರಿಗೆ ಬಂದ ಬೆಳಿಗ್ಗೆಯೇ ದೊಡ್ಡ ಯಂತ್ರ ನಿಂತುಹೋಗಿತ್ತು. ಸಿರುಗುಪ್ಪ ಕಡೆಯ ಹತ್ತಿ ಬಂಡಿಗಳು ರಸ್ತೆಯುದ್ದಕ್ಕೂ ಕಾದಿದ್ದವು. ನಾನು ಏದುಸಿರು ಬಿಡುತ್ತ ಬಂದರೆ ವೀರೇಶ ಕಾರ್ಡು ನೋಡಿದ, ನನ್ನನ್ನು ನೋಡಿದ, ಮತ್ತೆ ಕಾರ್ಡು ನೋಡಿದ.

“ಈ ಸಾಹೇಬ್ರು ಯಾರ್ರಿ?”

“ನಾನಲೇ ತಮ್ಮಾ.”

“ಇವ್ರಿಗೆ ಕೋಟು ಐತಿ, ಟೈ ಐತಿ, ತಲಿ ತುಂಬ ಕೂದ್ಲ ಐತಿ.”

ರುಮಾಲು ತೆಗೆದೆ. ಬೋಳು ತಲೆ ಕಂಡು ಅವನ ಅನುಮಾನ ಗಟ್ಟಿಯಾಯಿತು. “ಗುರುತು, ಮಾರಿ ಮ್ಯಾಲೆ ಸಿಡುಬಿನ ಕಲಿ ಅಂತ ಬರದಾರ. ನಿಮಗ ಅದಾವ, ಫೋಟೋದಾಗ ಇಲ್ಲ. ಯಾರನ್ನ ನಂಬ್ಲಿ ಹೇಳ್ರಿ?”

ಅಷ್ಟರಲ್ಲಿ ಮ್ಯಾನೇಜರರ ಕಾರು ಬಂತು. ವೀರೇಶ ಸಲಾಮು ಹೊಡೆದು ಗೇಟು ತೆರೆದ. ಕಾರ್ಡು ಕೇಳಲಿಲ್ಲ. ಹಿಂದಿನ ಸೀಟಿನಲ್ಲಿದ್ದ ನಾಯಿಯನ್ನೂ ಕೇಳಲಿಲ್ಲ. ಒಳಗೆ ಯಾರೋ ಯಂತ್ರ ಚಾಲೂ ಮಾಡಲು ಹೋದರು. ಕರಕರ ಎಂದು ಅದು ಅತ್ತ ಸದ್ದು ನನಗೆ ತಡೆಯಲಾಗಲಿಲ್ಲ. ಗೇಟಿನ ಸರಳು ಹಿಡಿದು ಕೂಗಿದೆ: “ನಿಲ್ಲಸ್ರಲೇ, ಎಡಗಡಿ ಬೇರಿಂಗ್ ಹಿಡ್ದೈತಿ, ಮೊದ್ಲು ಬೆಲ್ಟ್ ಬಿಚ್ರಿ.”

ಬಿಚ್ಚಿ ನೋಡಿದರು. ಅದೇ ಬೇರಿಂಗು. ವೀರೇಶ ಗೇಟು ತೆರೆದ. “ಈಗ ಗೊತ್ತಾತು ಬರ್ರಿ, ಫಿಟ್ಟರ್ ನೀವ. ಈ ಕಾರ್ಡಿನ ಸಾಹೇಬ್ರಿಗೆ ಇದು ತಿಳೀತಿದ್ದಿಲ್ಲ.”

ಅವನ ಕೈಯಿಂದ ಕಾರ್ಡು ಕಸಿದುಕೊಂಡು ಒಳಗೆ ನಡೆದೆ. ಕೋಟು, ಟೈ ಸ್ಟುಡಿಯೋದವು. ಕೂದಲು ಫೋಟೋಗ್ರಾಫರನ ಪೆನ್ಸಿಲಿನದು. ಕಲೆ ಅಳಿಸಿದ್ದೂ ಅದೇ ಪೆನ್ಸಿಲು. “ಮಿಲ್ಲಿನ್ಯಾಗ ದುಡಿಯಾವ್ನಂಗ ಕಾಣಬಾರ್ದು ನೋಡ್ರಿ” ಎಂದು ಅವನಿಗೆ ತಾಕೀತು ಮಾಡಿದವನು ನಾನೇ.

ಹೊಸ ಫೋಟೋ ತೆಗೆಸಿರೆಂದು ವೀರೇಶ ದಿನಾ ಹೇಳುತ್ತಾನೆ, ನಾನು ದಿನಾ ಅವನೊಡನೆ ಜಗಳವಾಡಿ ಒಳಗೆ ಹೋಗುತ್ತೇನೆ. ಕಾರ್ಡಿನ ಆ ಫೋಟೋವನ್ನೇ ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ನಡುಮನೆಯಲ್ಲಿ ತೂಗುಹಾಕಿದ್ದೇನೆ.