ಅವ್ವನ ತಂಬೂರಿಗೆ ನಾನೇ ಬರೆದುಕೊಟ್ಟ ಕಾಗದ

ಹಳೆಯ ತಂಬೂರಿ ಇರುವ ಮನೆಯಲ್ಲಿ ಯಾರಾದರೊಬ್ಬರು ಅದನ್ನು ‘ಸರಿ’ ಮಾಡದೆ ಬಿಟ್ಟಿರುವುದಿಲ್ಲ. ಆ ಸರಿ ಮಾಡಿದ್ದನ್ನು ನೋಡಿ ಬರುವುದರಲ್ಲೇ ನನ್ನ ಭಾನುವಾರಗಳು ಕಳೆಯುತ್ತವೆ. ಬ್ಯಾಂಕಿನ ವರ್ಗಾವಣೆಯ ಮೇಲೆ ಧಾರವಾಡದಿಂದ ನಾಶಿಕಕ್ಕೆ ಬಂದವನು ನಾನು. ತಂತಿವಾದ್ಯ ರಿಪೇರಿ ಮಾಡುತ್ತಿದ್ದ ಸೋದರಮಾವನ ಹತ್ತಿರ ಕಲಿತದ್ದರಿಂದ, ಯಾವುದು ಅಸಲಿ, ಯಾವುದು ಆಮೇಲೆ ಅಂಟಿಸಿದ್ದು ಎಂದು ಹೇಳಬಲ್ಲೆ. ಪುಕ್ಕಟೆ ಹೋಗುತ್ತೇನೆ, ಆದರೆ ಸ್ವಾರ್ಥವಿದೆ. ಅಪ್ಪನಿಗೆ ಸಂಭಾಜಿನಗರದಿಂದ ವರ್ಗವಾದಾಗ, ಲಾರಿಯಲ್ಲಿ ಜಾಗವಿಲ್ಲವೆಂದು ಅವ್ವನ ತಂಬೂರಿಯನ್ನು ಯಾರಿಗೋ ಕೊಟ್ಟುಬಂದರು. ಅವ್ವ ಮತ್ತೆ ಹಾಡಲಿಲ್ಲ. ಈಗ ಅವ್ವನೂ ಇಲ್ಲ. ಯಾರ ಮನೆಯಲ್ಲೇ ತಂಬೂರಿಗೆ ಹೊದಿಸಿದ ಬಟ್ಟೆಯ ಗವಸಣಿಗೆ ಬಿಚ್ಚಲಿ, ಅದೇ ಆಗಿರಬಾರದೇ ಎಂದು ಎದೆ ಬಡಿದುಕೊಳ್ಳುತ್ತದೆ.

ಸಾತಪುರದ ಹಸಿರು ಪೇಂಟು

ಸಾತಪುರದ ಕಾರ್ಖಾನೆಯೊಂದರ ಸೂಪರ್‌ವೈಸರ್, ಬೀದರ್ ಕಡೆಯವರು, ಅಜ್ಜನ ತಂಬೂರಿ ತೋರಿಸಲು ಕರೆದರು. ಬಿಚ್ಚಿದರೆ ಕಡುಹಸಿರು. ದಸರೆಗೆ ಮಷಿನ್‌ಗಳಿಗೆ ಬಣ್ಣ ಹೊಡೆಯುವಾಗ ಇದಕ್ಕೂ ಎರಡು ಕೋಟ್ ಹೊಡೆಸಿದ್ದರಂತೆ.

“ಸೋರೆಬುರುಡೆ?” ಎಂದೆ.

“ಒಡದಿತ್ರಿ, ಫೈಬರ್‌ದು ಹಾಕೀವಿ.”

“ಬಿರಡೆಗಳು?”

“ನಮ್ಮ ಲೇಥ್ ಮ್ಯಾಲೆ ಮಾಡಿಸೀನ್ರಿ. ಅಳತಿ ಪಕ್ಕಾ.”

“ದಂಡಿ?”

“ಹುಳಾ ಹಿಡದಿತ್ತು. ಸಾಗವಾನಿದು ಹೊಸಾದು.”

“ಹಾಗಾದರೆ ಅಜ್ಜನದು ಅಂತ ಏನು ಉಳಿಯಿತು?”

ಅವರು ಗವಸಣಿಗೆಯನ್ನು ಜೋಪಾನವಾಗಿ ಮಡಚಿ ನನ್ನ ಕೈಗಿಟ್ಟರು. “ಇದು ಓರಿಜಿನಲ್ ರೀ.”

ಸಟಾಣಾದ ಬೀಜ

ಸಟಾಣಾದಲ್ಲಿ ಉಳ್ಳಾಗಡ್ಡಿ ಬೆಳೆಯುವವರ ಮನೆ. ಅಲ್ಲಿಯ ಅಜ್ಜಿ ತೋರಿಸಿದ ತಂಬೂರಿ ಎತ್ತಿದರೆ ಒಳಗೆ ಗಿಲಿಗಿಲಿ ಸದ್ದು. ತಿರುವಿ ನೋಡಿದರೆ ಬುರುಡೆಗೆ ತೂತು ಕೊರೆದು ಮುಚ್ಚಳ ಹಾಕಿದ್ದರು. ಒಳಗೆಲ್ಲ ಉಳ್ಳಾಗಡ್ಡಿ ಬೀಜ. ಇಲಿಗೂ ಸಿಗದು, ತೇವವೂ ತಾಗದು.

“ಇದರ ಸ್ವರವನ್ನೇ ಕೊಂದಿರಲ್ಲ ಅಜ್ಜಿ,” ಎಂದು ಸಿಡುಕಿದೆ.

ಅಜ್ಜಿ ಮರಾಠಿಯಲ್ಲಿ ಸಮಾಧಾನ ಹೇಳಿದರು: “ಸ್ವರ ನನಗೆ ಗೊತ್ತಿಲ್ಲಪ್ಪ. ಮೊಳಕೆ ಮಾತ್ರ ಒಂದೂ ಹುಸಿ ಹೋಗಿಲ್ಲ.”

ಅವ್ವನದೂ ಎಲ್ಲೋ ಹೀಗೇ ಬೀಜ ಹೊತ್ತು ಕೂತಿದ್ದರೆ ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಸಂಕಟಪಟ್ಟೆ.

ಸಂಭಾಜಿನಗರದ ಗುಂಡಿ

ಹೋದ ವರ್ಷ ಸಂಭಾಜಿನಗರದಲ್ಲಿ ಕಲಬುರ್ಗಿ ಕಡೆಯ ವ್ಯಾಪಾರಸ್ಥರ ಮನೆ. ಬಿಚ್ಚಿದ ಕೂಡಲೇ ಕಣ್ಣು ಬಿದ್ದದ್ದು ತಂಬೂರಿಯ ಕೊರಳಲ್ಲಿದ್ದ ಅಂಗಿ ಗುಂಡಿಯ ಮೇಲೆ. ಚಿಕ್ಕಂದಿನಲ್ಲಿ ನಾನು ಕಿತ್ತುಹಾಕಿದ ಎಲೆ ಚಿತ್ತಾರದ ಜಾಗಕ್ಕೆ ಅವ್ವ ಅಂಟಿಸಿದ್ದ ಗುಂಡಿ ಅದು. ಬೆರಳಿನಿಂದ ಅದನ್ನು ಸವರಿದೆ.

ಮನೆಯ ಯಜಮಾನತಿ ಅಂದರು, “ಅಸಲಿ ಇದ್ರ ನಾವು ಯಾರಿಗೂ ಕೊಡಂಗಿಲ್ರಿ. ಕೆಟ್ಟಿದ್ರ ನೀವೇ ಒಯ್ದುಬಿಡ್ರಿ.”

ಒಂದು ಸುಳ್ಳು ಸಾಕಿತ್ತು. ಹುಳ ಹಿಡಿದಿದೆ ಎಂದರೆ ಅಂದೇ ಅದು ನನ್ನ ಮನೆಗೆ. ಆದರೆ ಅವ್ವನ ತಂಬೂರಿಯನ್ನು ಕೆಟ್ಟದ್ದೆನ್ನಲು ನಾಲಿಗೆ ಏಳಲಿಲ್ಲ. ಎಲ್ಲವೂ ಅಸಲಿ, ಗುಂಡಿಯೊಂದು ಬಿಟ್ಟು, ಅದನ್ನೂ ತೆಗೆಯಬಾರದು ಎಂದು ಬರೆದು ಸಹಿ ಹಾಕಿ ಬಂದೆ.

ತಿಂಗಳಾದ ಮೇಲೆ ತಡೆಯಲಾರದೆ ಮತ್ತೆ ಹೋದೆ. ಯಜಮಾನತಿ ಊರಲ್ಲಿರಲಿಲ್ಲ. ತಂಬೂರಿ ದೇವರ ಮನೆ ಸೇರಿ, ಹಾರ ಹಾಕಿಸಿಕೊಂಡು, ವಿಭೂತಿ ಬಳಿಸಿಕೊಂಡು ನಿಂತಿತ್ತು. ಕೈ ಚಾಚಿದೆ. ನನ್ನನ್ನು ಎಂದೂ ನೋಡಿರದ ಸೊಸೆ ಅಡ್ಡ ಬಂದಳು.

“ಮುಟ್ಟಬ್ಯಾಡ್ರಿ ಕಾಕಾ. ಭಾಳ ಹಳೇದು.”

“ಇದು ನಮ್ಮ ಅವ್ವಂದಮ್ಮ,” ಅಂದುಬಿಟ್ಟೆ.

ಆಕೆ ಗೋಡೆಯತ್ತ ಕೈ ತೋರಿಸಿದಳು. ನನ್ನ ಕಾಗದಕ್ಕೆ ಗಾಜಿನ ಕಟ್ಟು ಹಾಕಿಸಿದ್ದರು. “ನಾಶಿಕದ ದೊಡ್ಡ ಸಾಹೇಬರು ಬರದಾರ. ಅವರನ್ನ ಬಿಟ್ಟು ಯಾರೂ ಮುಟ್ಟಂಗಿಲ್ಲಂತ ಅತ್ತಿ ಹೇಳ್ಯಾರ.”

“ಆ ಸಾಹೇಬ ನಾನೇ.”

ಆಕೆ ನನ್ನನ್ನು ಮೇಲಿಂದ ಕೆಳಗೆ ನಿಧಾನವಾಗಿ ಪರೀಕ್ಷಿಸಿದಳು. “ನೀವು ಅಸಲಿ ಅಂತ ಯಾರರೇ ಬರದು ಕೊಟ್ಟದ್ದು ಅದ ಏನ್ರಿ?”

ಇರಲಿಲ್ಲ. ದೂರದಿಂದಲೇ ಕೈ ಮುಗಿದು ಬಂದೆ.