ಗಾಜಿನ ತೊಟ್ಟಿಯ ಮನೆ ಅಳಿಯ

ಹುಲಿಗೆ ಹೆದರಿದೆ ಎಂದರೆ ಜನ ಅಯ್ಯೋ ಪಾಪ ಅನ್ನುತ್ತಾರೆ. ಗೇಣುದ್ದದ ಸೀಗಡಿಗೆ ಹೆದರಿ ಊಟ ಬಿಟ್ಟೆ ಎಂದರೆ ಬನಹಟ್ಟಿಯಲ್ಲಿ ತಲೆ ಎತ್ತಿ ತಿರುಗುವಂತಿಲ್ಲ. ಆದರೂ ಹೇಳಿಬಿಡುತ್ತೇನೆ, ಹೆದರಿದ್ದು ಖರೆ. ನನ್ನ ಹೆಂಡತಿ ಶೈಲಾ ಜಮಖಂಡಿಯ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಾಳೆ. ಹುಡುಗರನ್ನು ಕಾರವಾರಕ್ಕೆ ಕರೆದುಕೊಂಡು ಹೋದವಳು ಬರುವಾಗ ಕಡಲ ನೀರಿನ ಕ್ಯಾನುಗಳ ಜೊತೆ ಮ್ಯಾಂಟಿಸ್ ಸೀಗಡಿಯ ಒಂದು ಗಂಡು, ಒಂದು ಹೆಣ್ಣು ತಂದಳು. ಸೂರ್ಯನ ಕುದುರೆ ಹುಳದ ಹಾಗೆ ಮುಂಗೈ ಮಡಚಿ ಕೂತಿರುತ್ತವೆ, ನೋಡಿದರೆ ಬಲು ಸಾಧು. ಆ ಕೈ ಬೀಸಿದರೆ ಮಾತ್ರ ಏಡಿಯ ಚಿಪ್ಪು ಪುಡಿಪುಡಿ. ಒಮ್ಮೊಮ್ಮೆ ತೊಟ್ಟಿಯ ಗಾಜೂ ಒಡೆಯುತ್ತದಂತೆ. ತತ್ತಿಯನ್ನೂ ಒಳಗೆ ಬಿಡದ ನಮ್ಮ ಅತ್ತೆಯ ಮನೆಯಲ್ಲಿ ಇವಕ್ಕೆ ಹೊಳೆಯ ಏಡಿ ಹಾಕುವ ಕೆಲಸ ನನ್ನ ಪಾಲಿಗೆ ಬಂತು.

ಮೊದಲು ತೊಟ್ಟಿಯಲ್ಲಿ ಎರಡರ ನಡುವೆ ಗಾಜಿನ ಅಡ್ಡಗೋಡೆ ಇತ್ತು. ಒಂದು ದಿನ ಶೈಲಾ, "ಇವನ್ನ ಕೂಡಸೂಣ್ರಿ. ಹೊಂದಿದ್ರ ಸಂಸಾರ, ಇಲ್ಲಾಂದ್ರ ಒಂದು ಇನ್ನೊಂದನ್ನ ಹೊಡದು ತಿಂತೈತಿ" ಅಂದಳು.

"ಯಾವುದು ಯಾವುದನ್ನ?"

"ದೊಡ್ಡದು ಸಣ್ಣದನ್ನ."

"ದೊಡ್ಡದು ಯಾವುದು?"

"ಹೆಣ್ಣು" ಅಂದಳು, ಉತ್ತರಪತ್ರಿಕೆಯಿಂದ ತಲೆ ಎತ್ತದೆ.

ಹೆಣ್ಣನ್ನು ಗಂಡಿನ ಕಡೆ ಕಳಿಸುವುದೇ ರೀತಿ ಎಂದು ಅತ್ತೆ ಹಟ ಹಿಡಿದರು. ಹೆಣ್ಣು ಆಗಲೇ ಕೊಳವೆಯೊಂದನ್ನು ಮನೆ ಮಾಡಿಕೊಂಡಿದೆ, ಎಬ್ಬಿಸಿದರೆ ಸಿಟ್ಟಾಗುತ್ತದೆ ಎಂದು ಶೈಲಾ ಗಂಡನ್ನೇ ಆ ಕಡೆ ಬಿಟ್ಟಳು. "ಅಯ್ಯ, ಹಂಗಾದ್ರ ಇಂವ ಮನಿ ಅಳಿಯ ಆದ್ನಲ್ಲಬೇ!" ಅಂದ ಅತ್ತೆ, ನನ್ನನ್ನು ಕಂಡು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಲೋಕಾಪುರದವನಾದ ನಾನು ಮದುವೆಯಾದಾಗಿನಿಂದ ಇಲ್ಲೇ ಇದ್ದು ಮಾವನವರ ಮಗ್ಗ ನೋಡಿಕೊಳ್ಳುತ್ತೇನೆ. ಆ ಗಳಿಗೆಯಿಂದ ಆ ಗಂಡು ನನ್ನವನಾದ. ಅವನು ಉಳಿಯಲಿ ಎಂದು ದೇವರಿಗೆ ಕಾಯಿ ಒಡೆಸುವುದಾಗಿ ಬೇಡಿಕೊಂಡೆ.

ಪವರ್‌ಲೂಮಿನ ಗದ್ದಲದಲ್ಲಿ ನಮ್ಮೂರಲ್ಲಿ ಯಾರ ಮಾತೂ ಯಾರಿಗೂ ಕೇಳುವುದಿಲ್ಲ. ಕರೆಂಟು ಹೋದರೆ ಮಾತ್ರ ಓಣಿಯೆಲ್ಲ ತಣ್ಣಗಾಗಿ, ತೊಟ್ಟಿಯಿಂದ 'ಟಕ್' ಎಂಬ ಏಟು ಕೇಳುತ್ತಿತ್ತು. ಊರಿನ ನೇಕಾರರೆಲ್ಲ ಕರೆಂಟು ಹೋದದ್ದಕ್ಕೆ ಬೈಯುತ್ತಿದ್ದರೆ, ನಾನು ಆ ಏಟು ಏಡಿಗೋ ನಮ್ಮವನಿಗೋ ಎಂದು ಬೆವರುತ್ತಿದ್ದೆ.

ಒಂದು ಮಧ್ಯಾಹ್ನ ಕರೆಂಟು ಹೋಯಿತು. ಟಕ್ ಇಲ್ಲ. ಓಡಿ ಹೋಗಿ ನೋಡಿದರೆ ಮರಳ ಮೇಲೆ ಬರಿ ಚಿಪ್ಪು, ಕೈ ಮಡಚಿದ ಹಾಗೆಯೇ ಬಿದ್ದಿದೆ. "ಶೈಲಾ, ತಿಂದಬಿಟ್ಟಳು!" ಎಂದು ಕೂಗಿದೆ.

ಶೈಲಾ ಬಂದು ಬಗ್ಗಿ ನೋಡಿದಳು. "ಸತ್ತಿಲ್ಲರಿ, ಪೊರಿ ಬಿಟ್ಟೈತಿ. ಇದು ಆಕೀದು. ಮೈ ಇನ್ನೂ ಮೆತ್ತಗ ಐತಿ ನೋಡ್ರಿ, ಕೈ ಬೀಸಾಕ ಆಗೂದಿಲ್ಲ. ಈಗ ಆಕಿಗೇ ಅಂಜಿಕಿ."

ನೋಡಿದೆ. ಹೆಣ್ಣು ಕೊಳವೆಯೊಳಗೆ ಮುದುಡಿ ಕೂತಿತ್ತು. ಬಾಗಿಲಲ್ಲಿ ಕೈ ಎತ್ತಿ ಕಾವಲು ನಿಂತವನು ನಮ್ಮ ಅಳಿಯ! ನನ್ನ ಎದೆ ಉಬ್ಬಿತು. ಶಾಬಾಸ್ ಮಗನೇ ಎಂದು, ಏಡಿಯ ಚೂರನ್ನು ಇಕ್ಕಳ ಬಿಟ್ಟು ಕೈಯಲ್ಲೇ ಕೊಡಲು ಹೋದೆ.

ಟಕ್!

ಹೆಬ್ಬೆರಳಿನಿಂದ ರಕ್ತ ಸೋರಿತು. ಅತ್ತೆ ಅರಿಶಿನ ಒತ್ತುತ್ತ, "ಅಂವ ಯಾಕ ಬಿಟ್ಟಾನ್ರಿ? ಈಗ ಅದು ಅವನ ಮನಿ" ಅಂದರು. ಆಮೇಲೆ ಒಳಗಿನ ಕೆಲಸದಾಕೆಗೆ ಕೂಗಿ ಹೇಳಿದರು: "ನಮ್ಮ ಅಳ್ಯಾರಿಗೆ ಗಾಯ ಆಗೇತಿ, ಬಂದ ಬೀಗರಿಗೆ ಇಡೂ ತಾಟಿನ್ಯಾಗ ಚಮಚ ಇಟ್ಟು ಬಡಸಬೇ."